ಲಕ್ಷ್ಮೀಪುರಂನ ಹಿಪ್ಪಿ ಮಾಮ

ಲಕ್ಷ್ಮೀಪುರಂನಲ್ಲಿ ಹೊರಗಿನವನಾಗಿ ಬಾಳುವುದು ಬಲು ಕಷ್ಟ. ಹೊರಗಿನಿಂದ ಬಂದವರ ಮಾತಲ್ಲ, ಅವರಿಗೆ ಅದು ಸಲೀಸು. ಇಲ್ಲೇ ಹುಟ್ಟಿ, ಹಾಲಿನವನಿಂದ ಹಿಡಿದು ಎಲ್‌ಐಸಿ ಏಜೆಂಟರವರೆಗೆ ಎಲ್ಲರ ಬಾಯಲ್ಲೂ 'ಇಂಥವರ ಮೊಮ್ಮಗ' ಎನ್ನಿಸಿಕೊಂಡು, ಆಮೇಲೆ ಹೊರಗಿನವನಾಗಲು ಹೊರಟವನ ಪಾಡು ಕೇಳಬೇಡಿ.

ಗಡ್ಡ ಬಿಟ್ಟರೆ 'ತಿರುಪತಿಗೆ ಹರಕೆಯೇನಪ್ಪಾ?' ಎನ್ನುತ್ತಾರೆ. ಕಪ್ಪು ಅಂಗಿ ಹಾಕಿದರೆ 'ಈ ವರ್ಷ ಶಬರಿಮಲೆಗಾ?' ಜಗತ್ತಿನ ಮೇಲೆ ಮುನಿದು ಊಟ ಬಿಟ್ಟರೆ 'ಹೌದಲ್ಲ, ಇವತ್ತು ಏಕಾದಶಿ, ನಮಗೇ ಮರೆತುಹೋಗಿತ್ತು ನೋಡು.' ಮುಖ ಗಂಟಿಕ್ಕಿಕೊಂಡು ಯಾರ ಹತ್ತಿರವೂ ಮಾತಾಡದೆ ತಿರುಗಿದರೆ 'ಮೌನವ್ರತ, ಒಳ್ಳೇದು, ಬಿಪಿ ಇಳಿಯತ್ತೆ.' ದೇವರೇ ಇಲ್ಲ ಎಂದು ಕಾಂಪೌಂಡಿನ ಮೇಲೆ ನಿಂತು ಕೂಗಿದರೂ 'ಇವನ ದೊಡ್ಡಪ್ಪನೂ ಹಾಗೇ ಅಂತಿದ್ರು, ಕೊನೆಗೆ ಕಾಶೀಲೇ ಹೋದ್ರು, ಪುಣ್ಯಾತ್ಮ' ಎಂದು ಹಿಂದಿನ ಮನೆಯ ಅಜ್ಜಿ ಕೈ ಮುಗಿಯುತ್ತಾರೆ. ಈ ಬೀದಿಗಳಲ್ಲಿ ಪ್ರತಿಯೊಂದು ಬಂಡಾಯಕ್ಕೂ ಪಂಚಾಂಗದಲ್ಲಿ ಒಂದು ಮನೆ ಸಿದ್ಧವಾಗಿರುತ್ತದೆ.

ನಮ್ಮ ಹಿಪ್ಪಿ ಮಾಮ ಐವತ್ತು ವರ್ಷಗಳಿಂದ ಈ ಬೀದಿಯ ಆಚೆ ಹೋಗಲು ಪ್ರಯತ್ನಿಸುತ್ತಿದ್ದಾರೆ. ಬೀದಿ ಬಿಡುತ್ತಿಲ್ಲ.

ಅವರ ಹೆಸರು ಬೇಡ. ಬೇಕಾಗಿಯೂ ಇಲ್ಲ, ಹಳೇ ಮೈಸೂರಿನ ಬಡಾವಣೆಗೊಬ್ಬರು ಇಂಥವರು ಇದ್ದೇ ಇರುತ್ತಾರೆ. ಸರಸ್ವತೀಪುರಂನಲ್ಲಾದರೆ ಅವರು ಯಾರೂ ನೋಡದ ಹಂಗೇರಿಯನ್ ಸಿನಿಮಾ ನೋಡುತ್ತಾರೆ. ಕೃಷ್ಣಮೂರ್ತಿಪುರಂನಲ್ಲಾದರೆ ಹೈಕು ಬರೆಯುತ್ತಾರೆ. ಲಕ್ಷ್ಮೀಪುರಂನವರು ಮಾತ್ರ ಹಿಪ್ಪಿಯಾಗುತ್ತಾರೆ, ಅದಕ್ಕೆ ಐತಿಹಾಸಿಕ ಕಾರಣವಿದೆ, ಹೇಳುತ್ತೇನೆ. ಸದ್ಯಕ್ಕೆ ಆಕಾರ ನೋಡಿ: ವಯಸ್ಸು ಅರವತ್ತೈದು ದಾಟಿದೆ. ತಲೆಯ ಮುಂಭಾಗ ಬಯಲಾಗಿದ್ದರೂ ಹಿಂದೆ ಉಳಿದಿರುವ ಬಿಳಿ ಕೂದಲನ್ನು ಸ್ವೀಟ್ ಅಂಗಡಿಯ ಪೊಟ್ಟಣದ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿರುತ್ತಾರೆ. ಮೊಣಕಾಲವರೆಗಿನ ಚಡ್ಡಿ, ಬಾಬ್ ಡಿಲನ್ ಚಿತ್ರದ ಬನಿಯನ್ನು, ಎಡಗಿವಿಗೊಂದು ಬೆಳ್ಳಿ ರಿಂಗು. ಆ ರಿಂಗಿನದೂ ಒಂದು ದುಃಖದ ಕಥೆ. ಕಾಲೇಜಿನಲ್ಲಿದ್ದಾಗ ಮನೆಯಲ್ಲಿ ದೊಡ್ಡ ರಂಪವಾಗಲಿ ಎಂದೇ ಕಿವಿ ಚುಚ್ಚಿಸಿಕೊಂಡು ಬಂದರಂತೆ. ಅವರ ಅಜ್ಜಿ ಕಣ್ಣಲ್ಲಿ ನೀರು ತಂದುಕೊಂಡು ಒಳಗೆ ಹೋಗಿ, ಟ್ರಂಕಿನಿಂದ ತಾತನ ಹತ್ತಕಡಕು ತಂದು, 'ಇಷ್ಟು ದಿನಕ್ಕೆ ಈ ಮನೇಲಿ ಒಬ್ಬನಿಗಾದರೂ ಬುದ್ಧಿ ಬಂತು. ಇನ್ನೊಂದು ಕಿವೀನೂ ಚುಚ್ಚಿಸ್ಕೊಂಡು ಬಾ, ಜೋಡಿ ಹಾಕ್ತೀನಿ' ಎಂದರಂತೆ.

ಐತಿಹಾಸಿಕ ಕಾರಣ ಇದು. ಪಟ್ಟಾಭಿ ಜೋಯಿಸರ ಯೋಗಶಾಲೆ ಇದ್ದದ್ದು ಲಕ್ಷ್ಮೀಪುರಂನಲ್ಲಿ. ಹಾಸನದ ಹತ್ತಿರದ ಕೌಶಿಕದಲ್ಲಿ 1915ರಲ್ಲಿ ಹುಟ್ಟಿದ ಜೋಯಿಸರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಮೈಸೂರಿಗೆ ಬಂದವರು. ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಯೋಗದ ಮೇಷ್ಟರಾದರು, 1948ರಲ್ಲಿ ತಮ್ಮ ಅಷ್ಟಾಂಗ ಯೋಗ ಸಂಸ್ಥೆಯನ್ನು ಶುರು ಮಾಡಿದರು. ಅವರ ಗುರು ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಜಗನ್ಮೋಹನ ಅರಮನೆಯಲ್ಲೇ ಯೋಗಶಾಲೆ ನಡೆಸಲು ಜಾಗ ಕೊಟ್ಟಿದ್ದರು. ಅದೆಲ್ಲ ಅರಮನೆ, ಪಾಠಶಾಲೆಗಳ ಗಂಭೀರ ವ್ಯವಹಾರ, ನಮ್ಮ ಬೀದಿಗೆ ಸಂಬಂಧವಿಲ್ಲ. ಸಂಬಂಧ ಬಂದದ್ದು 1964ರಲ್ಲಿ ಬೆಲ್ಜಿಯಂನಿಂದ ಆಂದ್ರೆ ವಾನ್ ಲೀಸ್ಬೆತ್ ಎಂಬಾತ ಬಂದು ಇಲ್ಲಿ ಕಲಿತು ಹೋದ ಮೇಲೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಹುಡುಗರು ಬರತೊಡಗಿದರು. ಹತ್ತು ಹನ್ನೆರಡು ಜನ ಹಿಡಿಸುವ ಒಂದು ಕೋಣೆ. ಉಳಿದವರು ಮೆಟ್ಟಿಲ ಮೇಲೆ ಕೂತು ಸರದಿ ಕಾಯಬೇಕು. ಬೆಳಗಿನ ಜಾವ ನಮ್ಮವರು ಅಂಗಳಕ್ಕೆ ಸಾರಿಸುವ ಹೊತ್ತಿಗೆ ಉದ್ದ ಕೂದಲಿನ ಬಿಳಿಯ ಹುಡುಗರು, ಪೈಜಾಮ ಹಾಕಿದ ಬಿಳಿಯ ಹುಡುಗಿಯರು ಚಾಪೆ ಸುತ್ತಿಕೊಂಡು ಓಡಾಡುವುದು ಬಡಾವಣೆಗೆ ಅಭ್ಯಾಸವಾಯಿತು.

ಆಗ ಹಿಪ್ಪಿ ಮಾಮನಿಗೆ ಹದಿನಾಲ್ಕೋ ಹದಿನೈದೋ. ದೇವಾನಂದನ 'ಹರೇ ರಾಮ ಹರೇ ಕೃಷ್ಣ' 1971ರಲ್ಲಿ ಬಂದಿತ್ತು. ಮನೆಯಲ್ಲಿ ಬಿಡಲಿಲ್ಲವಾದ್ದರಿಂದ ಸಿನಿಮಾ ನೋಡಿರಲಿಲ್ಲ. ಆದರೆ ಹಿಪ್ಪಿಗಳೆಂದರೆ ಏನು ಎಂಬುದು ಖಚಿತವಾಗಿ ಗೊತ್ತಿತ್ತು: ಬೆಳಗ್ಗೆ ಏಳುವುದಿಲ್ಲ, ಸ್ನಾನ ಮಾಡುವುದಿಲ್ಲ, ಹಿರಿಯರ ಮಾತು ಕೇಳುವುದಿಲ್ಲ. ಅವರ ತಾತ ಬೆಳಗ್ಗೆ ನಾಲ್ಕೂವರೆಗೆ ಎಬ್ಬಿಸಿ, ತಣ್ಣೀರು ಸುರಿಸಿ, ಸಂಧ್ಯಾವಂದನೆಗೆ ಕೂರಿಸುತ್ತಿದ್ದ ಕಾಲ ಅದು. ಈ ಸೆರೆಮನೆಯಿಂದ ಬಿಡುಗಡೆ ಬಾಗಿಲ ಮುಂದೆಯೇ ಚಾಪೆ ಹಿಡಿದುಕೊಂಡು ನಡೆದು ಹೋಗುತ್ತಿರುವಾಗ ಹುಡುಗ ಹೇಗೆ ಸುಮ್ಮನಿರುತ್ತಾನೆ? ಒಂದು ದಿನ ಎಳನೀರು ಕುಡಿಯುತ್ತಾ ನಿಂತಿದ್ದ ಜಡೆಗೂದಲಿನ ಒಬ್ಬನನ್ನು ಹಿಡಿದುಕೊಂಡು, ಹೈಸ್ಕೂಲಿನ ಇಂಗ್ಲಿಷಿನಲ್ಲಿ, ಒಳಗೆ ಏನೇನು ಮಾಡುತ್ತೀರಿ ಎಂದು ಕೇಳಿಯೇಬಿಟ್ಟರು.

ಆತ ಬಹಳ ವಿನಯದಿಂದ ವಿವರಿಸಿದ. ನಾಲ್ಕು ಗಂಟೆಗೆ ಏಳುತ್ತೇವೆ. ಸ್ನಾನ ಮಾಡುತ್ತೇವೆ. ಬರಿಹೊಟ್ಟೆಯಲ್ಲಿ ಬರುತ್ತೇವೆ. ಮೊದಲು ಕೈ ಮುಗಿದು ಸಂಸ್ಕೃತ ಶ್ಲೋಕ ಹೇಳುತ್ತೇವೆ. ಮೂಗಿನಲ್ಲಿ ಉಸಿರು ಎಳೆದು ಬಿಡುತ್ತೇವೆ. ನಾನಂತೂ ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಬಿಟ್ಟಿದ್ದೇನೆ. ಅಮಾವಾಸ್ಯೆ, ಹುಣ್ಣಿಮೆಗೆ ರಜೆ. ಗುರುಗಳು ಹೇಳಿದ ಮೇಲೆ ಎದುರು ಮಾತಿಲ್ಲ.

ಹುಡುಗನಿಗೆ ಕಾಲ ಕೆಳಗಿನ ನೆಲ ಕುಸಿಯಿತು. 'ಇದನ್ನೆಲ್ಲ ನಮ್ಮ ತಾತಾನೂ ಹೇಳ್ತಾರೆ!' ಎಂದು ಅಳುವ ದನಿಯಲ್ಲಿ ಹೇಳಿದರು. ಹೇಳಬಾರದಿತ್ತು. ಆ ಹಿಪ್ಪಿ ಎಳನೀರಿನ ಬುರುಡೆ ಕೆಳಗಿಟ್ಟು, ಎರಡೂ ಕೈ ಜೋಡಿಸಿ, ನಿನ್ನ ತಾತನನ್ನು ನಾನು ನೋಡಬಹುದೇ ಎಂದ.

ನೋಡಿದ. ನೋಡಿ ಬಿಡಲಿಲ್ಲ, ದಿನಾ ಬಂದ. ಬೆಳಗ್ಗೆ ಶಾಲೆ ಮುಗಿಸಿ ನೇರ ಇವರ ಜಗುಲಿಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತು ತಾತ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ತಾತನಿಗೆ ಇಂಗ್ಲಿಷ್ ಬಾರದು, ಅವನಿಗೆ ಕನ್ನಡ ಬಾರದು, ಇಬ್ಬರ ನಡುವೆ ದುಭಾಷಿಯಾಗಿ ಕೂರಬೇಕಾದವರು ಯಾರೆಂದು ಬೇರೆ ಹೇಳಬೇಕೆ? ಬಂಡಾಯ ಏಳಲು ಹೊರಟ ಹುಡುಗ ಆಚಮನದ ಕ್ರಮವನ್ನು ಇಂಗ್ಲಿಷಿಗೆ ಅನುವಾದಿಸುತ್ತಾ ಬೇಸಿಗೆ ರಜೆ ಕಳೆದರು. ಅದಕ್ಕಿಂತ ಘೋರವಾದದ್ದು ಆಮೇಲೆ. 'ನೋಡೋ, ಆ ಹುಡುಗ ಏಳು ಸಮುದ್ರ ದಾಟಿ ಬಂದು ನಾಲ್ಕಕ್ಕೆ ಏಳ್ತಾನೆ. ನೀನು ಪಕ್ಕದ ಕೋಣೇಲಿದ್ದುಕೊಂಡು ಐದಾದರೂ ಗೊರಕೆ ಹೊಡೀತೀಯ' ಎಂದು ತಾತ ಶುರು ಹಚ್ಚಿಕೊಂಡರು. ಹಿಪ್ಪಿಯನ್ನು ನೋಡಿ ಕೆಟ್ಟುಹೋದ ಹುಡುಗರು ಊರು ತುಂಬ ಇದ್ದರು. ಹಿಪ್ಪಿಯನ್ನು ನೋಡಿ ಕಲಿ ಎಂದು ಬೈಸಿಕೊಂಡವರು, ನನಗೆ ತಿಳಿದಂತೆ, ಇವರೊಬ್ಬರೇ.

ಹೋಗುವಾಗ ಆತ ತನ್ನ ಗ್ರಾಮಫೋನ್ ರೆಕಾರ್ಡುಗಳನ್ನೂ ಒಂದಷ್ಟು ಪುಸ್ತಕಗಳನ್ನೂ ಯಾವುದೋ ಆಫ್ರಿಕಾದ ಮರದ ಮುಖವಾಡವನ್ನೂ ಇವರಿಗೆ ಕೊಟ್ಟು ಹೋದ. ತಾತನಿಂದ ಒಂದು ಪಂಚೆ ಉತ್ತರೀಯ ಪಡೆದುಕೊಂಡು ಹೋದ. ಯಾರು ಎಲ್ಲಿಗೆ ಸೇರಬೇಕಾಗಿತ್ತು, ಯಾರು ಎಲ್ಲಿ ಹುಟ್ಟಿದರು ಎಂದು ಹಿಪ್ಪಿ ಮಾಮ ಇವತ್ತಿಗೂ ಕೊರಗುತ್ತಾರೆ.

ಆ ಪುಸ್ತಕಗಳಲ್ಲಿ ಕಾಲಿನ್ ವಿಲ್ಸನ್‌ನ 'ದಿ ಔಟ್‌ಸೈಡರ್' ಇತ್ತು. 1956ರಲ್ಲಿ ಅದು ಪ್ರಕಟವಾದಾಗ ಲೇಖಕನಿಗೆ ಇಪ್ಪತ್ತನಾಲ್ಕು ವರ್ಷ. ಹಗಲು ಬ್ರಿಟಿಷ್ ಮ್ಯೂಸಿಯಂನ ಓದುವ ಕೋಣೆಯಲ್ಲಿ ಕೂತು ಬರೆದು, ಬಾಡಿಗೆಗೆ ದುಡ್ಡಿಲ್ಲದೆ ರಾತ್ರಿ ಹ್ಯಾಂಪ್‌ಸ್ಟೆಡ್‌ನ ಬಯಲಿನಲ್ಲಿ ಮಲಗುವ ಚೀಲದೊಳಗೆ ತೂರಿಕೊಳ್ಳುತ್ತಿದ್ದನಂತೆ. ಇದನ್ನು ಓದಿದ ಮೇಲೆ ಮಾಮನಿಗೆ ಮನೆಯ ಹಾಸಿಗೆ ಚುಚ್ಚತೊಡಗಿತು. ಮೈಸೂರಿನಲ್ಲಿ ಬ್ರಿಟಿಷ್ ಮ್ಯೂಸಿಯಂ ಇಲ್ಲ, ಆದರೆ ಕುಕ್ಕರಹಳ್ಳಿ ಕೆರೆ ಇದೆ. ಮಲಗುವ ಚೀಲ ಇಲ್ಲ, ಜಮಖಾನ ಇದೆ. ಒಂದು ರಾತ್ರಿ ಜಮಖಾನ ಸುತ್ತಿಕೊಂಡು ಹೊರಟರು. ಅವರಮ್ಮ ಗೇಟಿನ ತನಕ ಬಂದು, 'ಎಲ್ಲಿಗಾದ್ರೂ ಹೋಗು, ಕಿವಿಗೆ ಮಫ್ಲರ್ ಸುತ್ತಿಕೋ' ಎಂದರು. ಕೆರೆ ಏರಿಯ ಸೊಳ್ಳೆಗಳ ನಡುವೆ ಅಸ್ತಿತ್ವದ ಅರ್ಥ ಹುಡುಕುತ್ತಾ ಬೆಳಗಿನ ಜಾವಕ್ಕೆ ಕಣ್ಣು ಹತ್ತಿತ್ತು, ಅಷ್ಟರಲ್ಲಿ ಮಾನಸಗಂಗೋತ್ರಿಯ ನಿವೃತ್ತ ಪ್ರಾಧ್ಯಾಪಕರ ವಾಕಿಂಗ್ ತಂಡ ಬಂತು. 'ಅರೆ, ಶಾಸ್ತ್ರಿಗಳ ಮೊಮ್ಮಗ! ಐದು ಗಂಟೆಗೇ ವಾಕಿಂಗು! ಈಗಿನ ಹುಡುಗರಲ್ಲಿ ಇದು ಅಪರೂಪ ಕಣಯ್ಯ' ಎಂದು ಬೆನ್ನು ತಟ್ಟಿದರು. ಅವರಲ್ಲೊಬ್ಬರು ತಾತನಿಗೆ ಸುದ್ದಿಯನ್ನೂ ಮುಟ್ಟಿಸಿದರು. ಮನೆಯಲ್ಲಿ ಆ ದಿನ ಪಾಯಸ.

ರೆಕಾರ್ಡುಗಳ ವಿಷಯದಲ್ಲಿ ಆದ ಅವಮಾನ ಇನ್ನೂ ಸೂಕ್ಷ್ಮದ್ದು. ಯಾರಿಗೂ ಅರ್ಥವಾಗದ ಸಂಗೀತ ಕೇಳುವುದು ಹೊರಗಿನವನ ಮೊದಲ ಲಕ್ಷಣ. ಸುತ್ತಮುತ್ತ ಮನೆಮನೆಯಲ್ಲೂ ವೀಣೆ, ಪಿಟೀಲು. ಬಿಡಾರಂ ಕೃಷ್ಣಪ್ಪನವರ ರಾಮಮಂದಿರ ನಡೆದು ಹೋಗುವಷ್ಟು ದೂರ. ಇಂಥಲ್ಲಿ ಮಾಮ ಕಿಟಕಿ ತೆಗೆದು ಫ್ರಾಂಕ್ ಝಾಪಾನ ರೆಕಾರ್ಡನ್ನು ಗಟ್ಟಿಯಾಗಿ ಹಾಕಿದರು. ಅವರಮ್ಮ ಅಡುಗೆಮನೆಯಿಂದಲೇ 'ಸೂಜಿ ಸವೆದಿದೆ, ಬದಲಾಯಿಸೋ' ಎಂದರು. ಎದುರುಮನೆಯ ಪಿಟೀಲು ಮೇಷ್ಟರು ಮಾತ್ರ ಗೇಟು ತೆಗೆದುಕೊಂಡು ಒಳಗೇ ಬಂದರು. ಕೊನೆಗೂ ಒಬ್ಬರಾದರೂ ಜಗಳಕ್ಕೆ ಬಂದರಲ್ಲ ಎಂದು ಮಾಮ ಎದೆ ಸೆಟೆಸಿ ನಿಂತರು. ಮೇಷ್ಟರು ಕಣ್ಣು ಮುಚ್ಚಿ ಪೂರ್ತಿ ಕೇಳಿ, ತೊಡೆಯ ಮೇಲೆ ತಾಳ ಹಾಕಿ, 'ಏಳು ಅಕ್ಷರದ ಲೆಕ್ಕ. ಪರವಾಗಿಲ್ಲ, ಕಷ್ಟಪಟ್ಟಿದ್ದಾನೆ' ಎಂದರು. ಆಮೇಲೆ ಸಮಾಧಾನದಿಂದ ವಿವರಿಸಿದರು: ಊರಿಗೆ ಇದೇನು ಹೊಸದಲ್ಲ. ನಮ್ಮ ಟಿ. ಚೌಡಯ್ಯನವರು ನಾಲ್ಕು ತಂತಿ ಸಾಲದೆಂದು ಏಳು ಮಾಡಿಕೊಂಡರು, ಅದೂ ಸಾಲದೆ ಹತ್ತೊಂಬತ್ತು ಮಾಡಿಕೊಂಡರು. ಇಂಗ್ಲೆಂಡಿನಲ್ಲಿ ಯಾರೂ ಕೇಳುವವರಿಲ್ಲದೆ ಮೂಲೆಗುಂಪಾಗಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರನ ರೆಕಾರ್ಡುಗಳನ್ನು 1940ರ ದಶಕದ ಕೊನೆಯಲ್ಲಿ ಸ್ವಂತ ದುಡ್ಡು ಹಾಕಿ ಮಾಡಿಸಿದವರು ನಮ್ಮ ಮಹಾರಾಜರು, ಜಯಚಾಮರಾಜ ಒಡೆಯರು. ಆತ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೇ ಅರ್ಪಣೆ ಮಾಡಿದ. 'ಕೇಳು ಮಗು, ಕೇಳು. ರಾಜರ ಅಭಿರುಚಿ' ಎಂದು ಹರಸಿ ಹೋದರು.

ಊರಿನಲ್ಲಿ ಯಾರೂ ಮಾಡದ್ದನ್ನು ಮಾಡಹೊರಟರೆ ಅದನ್ನು ಅರಮನೆಯಲ್ಲೇ ಮಾಡಿ ಮುಗಿಸಿರುತ್ತಾರೆ. ಮೈಸೂರಿನಲ್ಲಿ ಬಂಡಾಯಗಾರನಿಗೆ ಇರುವ ನಿಜವಾದ ತೊಂದರೆ ಇದೇ ಎಂದು ನನ್ನ ಅಭಿಪ್ರಾಯ. ಬೇರೆ ಊರುಗಳಲ್ಲಿ ಅರಮನೆಯ ವಿರುದ್ಧ ಏಳಬಹುದು.

ಮುಖವಾಡದ ಗತಿ ಕೇಳುವಿರೇನೋ. ಕೋಣೆಯ ಗೋಡೆಗೆ ಹಾಕಿದ್ದರು. ಮನೆಗೆ ಮಹಡಿ ಕಟ್ಟಿಸುವಾಗ ಮೇಸ್ತ್ರಿ ನೋಡಿ, 'ಇಂಥ ದೃಷ್ಟಿಗೊಂಬೆ ದುಡ್ಡು ಕೊಟ್ರೂ ಸಿಕ್ಕಲ್ಲ ಸ್ವಾಮಿ' ಎಂದು ಸಾರುವೆಗೆ ನೇತುಹಾಕಿದ. ಒಳ್ಳೆ ಫಲ ಕೊಟ್ಟಿತು. ಬೀದಿಯಲ್ಲಿ ಯಾರ ಮನೆಯ ಕಟ್ಟಡ ಎದ್ದರೂ ಅದನ್ನು ಎರವಲು ಒಯ್ಯುತ್ತಾರೆ, ಈಗ ಯಾರ ಮನೆಯಲ್ಲಿದೆಯೋ ಮಾಮನಿಗೂ ಗೊತ್ತಿಲ್ಲ.

ಇಷ್ಟೆಲ್ಲ ಆಗುತ್ತಿರುವಾಗ ಮಾಮನಿಗೆ ಧೈರ್ಯ ಕೊಟ್ಟದ್ದು 'ಸಂಸ್ಕಾರ'ದ ನಾರಣಪ್ಪ. ಅನಂತಮೂರ್ತಿಯವರ ಕಾದಂಬರಿ 1965ರಲ್ಲಿ ಬಂತು, 1970ರ ಸಿನಿಮಾದಲ್ಲಿ ಲಂಕೇಶರೇ ನಾರಣಪ್ಪ. ಆ ಸಿನಿಮಾಕ್ಕೆ ಮೊದಲು ಮದ್ರಾಸಿನ ಸೆನ್ಸಾರಿನವರು ತಡೆ ಹಾಕಿದರು, ಆಮೇಲೆ ರಾಷ್ಟ್ರಪ್ರಶಸ್ತಿ ಬಂತು. ತಡೆ ಬಿದ್ದದ್ದು ಮಾಮನಿಗೆ ಇಷ್ಟ, ಪ್ರಶಸ್ತಿ ಬಂದದ್ದು ಕಷ್ಟ. ತಾನು ಲಕ್ಷ್ಮೀಪುರಂನ ನಾರಣಪ್ಪ ಎಂದು ಗೆಳೆಯರ ನಡುವೆ ಹೇಳಿಕೊಳ್ಳುತ್ತಿದ್ದರು. ಆದರೆ ನಾರಣಪ್ಪ ದೇವರ ಕೊಳದ ಮೀನು ಹಿಡಿಯುತ್ತಾನೆ, ಮಾಮನಿಗೆ ಮೀನಿನ ವಾಸನೆಗೆ ತಲೆನೋವು. ಕುಡಿತ ಅಸಿಡಿಟಿಯಿಂದಾಗಿ ನಿಂತಿತು. ಉಳಿದದ್ದು ನಾರಣಪ್ಪನ ಸಂಗಾತಿ ಚಂದ್ರಿಯ ವಿಷಯ. ಅದು ಮಾಮಿಯೊಡನೆ ಜಾತಕ ಕೂಡಿ ಬಂದು ಇತ್ಯರ್ಥವಾಯಿತು. ಜಾತಕ ನೋಡಬಾರದೆಂದು ಮಾಮ ಹಟ ಹಿಡಿದಿದ್ದರಂತೆ. ಹುಡುಗಿಯ ಕಡೆಯವರು 'ಆದರ್ಶವಂತ ಹುಡುಗ' ಎಂದು ಮೆಚ್ಚಿ, ಹಿಂದಿನಿಂದ ನೋಡಿಸಿಕೊಂಡರು.

ಕೆಲಸವೂ ಆಯಿತು, ರಾಷ್ಟ್ರೀಕೃತ ಬ್ಯಾಂಕಿನಲ್ಲಿ. 'ವ್ಯವಸ್ಥೆಯ ಹೊಟ್ಟೆಯೊಳಗೆ ಕೂತು ವ್ಯವಸ್ಥೆಯನ್ನು ನೋಡುತ್ತಿದ್ದೇನೆ' ಎನ್ನುತ್ತಿದ್ದರು. ಮೂವತ್ತು ಚಿಲ್ಲರೆ ವರ್ಷ ನೋಡಿದರು. ಕ್ಯಾಷು ಒಂದು ಪೈಸೆ ತಪ್ಪಿದ ದಿನವಿಲ್ಲ. ಹಂಪಿಯ ಎದುರಿನ ವಿರೂಪಾಪುರ ಗಡ್ಡೆ, ತುಂಗಭದ್ರೆಯ ಆಚೆ ದಡದಲ್ಲಿ ವಿದೇಶಿ ಅಲೆಮಾರಿಗಳು ಗುಡಿಸಿಲು ಹೋಟೆಲುಗಳಲ್ಲಿ ತಿಂಗಳುಗಟ್ಟಲೆ ಬಿದ್ದುಕೊಂಡಿರುತ್ತಿದ್ದ ಜಾಗ, 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ಅದನ್ನೆಲ್ಲ ಒಡೆದುಹಾಕುವ ಎಷ್ಟೋ ಮೊದಲೇ ಮಾಮ ಅಲ್ಲಿಗೆ ಹೋಗಿಬಂದಿದ್ದರು. ಎಲ್‌ಟಿಸಿಯಲ್ಲಿ. ತೆಪ್ಪದ ಬಾಡಿಗೆಗೂ ರಸೀತಿ ಕೇಳಿದರು ಎಂದು ಮಾಮಿ ಹೇಳುತ್ತಾರೆ. ಸುತ್ತ ಇಸ್ರೇಲಿನ ಹುಡುಗರು ದಿಂಬಿಗೊರಗಿ ಹೊಗೆ ಬಿಡುತ್ತಾ ಸಂಗೀತ ಕೇಳುತ್ತಿದ್ದಾಗ ಮಾಮಿ ಎವರ್‌ಸಿಲ್ವರ್ ಡಬ್ಬಿ ತೆಗೆದು ಪುಳಿಯೋಗರೆ ಬಡಿಸಿದರಂತೆ. ಹುಡುಗರೆಲ್ಲ ಎದ್ದು ಬಂದು ಸಾಲಾಗಿ ಕೂತರು. ಮಾಮನಿಗೆ ಉಳಿಯಲಿಲ್ಲ.

ಗೋಕರ್ಣದ ಪ್ರಸಂಗಕ್ಕೆ ಬರುತ್ತೇನೆ. ಇದನ್ನು ಮಾಮ ತಾವಾಗಿ ಹೇಳುವುದಿಲ್ಲ, ಮಾಮಿ ಕೇಳದಿದ್ದರೂ ಹೇಳುತ್ತಾರೆ. ನಲವತ್ತು ದಾಟಿದ ಮೇಲೆ, ಕೂದಲು ಭುಜದವರೆಗೆ ಬಂದಿದ್ದ ವೈಭವದ ದಿನಗಳಲ್ಲಿ, ಮಾಮ ಓಂ ಬೀಚಿಗೆ ಒಬ್ಬರೇ ಹೊರಟರು. ಬೀಚಿನಲ್ಲಿ ಡೋಲು ಬಡಿಯುತ್ತಾ ಬೆಂಕಿಯ ಸುತ್ತ ಕೂರುವವರ ಜೊತೆ ಒಂದು ವಾರ, ಗಡಿಯಾರವಿಲ್ಲದೆ, ಬ್ಯಾಂಕಿಲ್ಲದೆ. ಮಾಮಿ ಅಡ್ಡಿ ಮಾಡಲಿಲ್ಲ. 'ಹೋಗೋದು ಹೋಗ್ತೀರಿ ರೀ, ಮಾವನೋರು ಹೋಗಿ ವರ್ಷ ತುಂಬಿತು, ಹಾಗೇ ಒಂದು ಕ್ಷೇತ್ರಶ್ರಾದ್ಧ ಮುಗಿಸಿಕೊಂಡು ಬನ್ನಿ, ಮತ್ತೆ ಮತ್ತೆ ಯಾರು ಹೋಗ್ತಾರೆ' ಎಂದರು ಅಷ್ಟೇ. ಇಲ್ಲ ಎನ್ನಬೇಕೆಂದಿದ್ದರು ಮಾಮ. ಬಸ್ಸಿಳಿದು ಬೀಚಿನ ದಾರಿ ಕೇಳಲೆಂದು ನಿಂತ ಮನೆಯ ಮುಂದೆ ಇದ್ದವರು ಭಟ್ಟರು. ಭಟ್ಟರು ದಾರಿ ಹೇಳಲಿಲ್ಲ, ಗೋತ್ರ ಕೇಳಿದರು. ಎಷ್ಟೇ ವರ್ಷ ವ್ಯವಸ್ಥೆಯನ್ನು ಧಿಕ್ಕರಿಸಿದವನಾದರೂ ಗೋತ್ರ ಕೇಳಿದರೆ ಬಾಯಿ ತಾನಾಗಿ ಹೇಳಿಬಿಡುತ್ತದೆ. ಅದರ ಹಿಂದೆಯೇ ಸೂತ್ರ, ಪ್ರವರ ಎಲ್ಲ ಬಂತು, ತಾತ ಕಲಿಸಿದ್ದು ಒಂದಕ್ಷರ ಜಾರಿರಲಿಲ್ಲ. ಭಟ್ಟರಿಗೆ ಪರಮಾನಂದ. 'ಈಗಿನ ಕಾಲದಲ್ಲಿ ಇಷ್ಟು ಸ್ಪಷ್ಟವಾಗಿ ಯಾರು ಹೇಳ್ತಾರೆ ಮಾರಾಯ್ರೇ' ಎಂದು ಒಳಗೆ ಕರೆದುಕೊಂಡು ಹೋದರು. ಮರುದಿನ ಕೋಟಿತೀರ್ಥದ ದಡದಲ್ಲಿ ಮೊದಲು ಕ್ಷೌರ.

ಭುಜದವರೆಗಿನ ಆ ಕೂದಲು ಎಷ್ಟು ವರ್ಷದ್ದೋ. ಎಳ್ಳು, ನೀರು, ಪಿಂಡ ಎಲ್ಲ ಮುಗಿದು, ಬೋಳು ತಲೆಯಲ್ಲಿ, ಪಂಚೆ ಉಟ್ಟು, ಓಂ ಬೀಚಿಗೆ ಹೋಗಿ ನಿಂತರು. ಅಲ್ಲಿ ಡೋಲು ಬಡಿಯುತ್ತಿದ್ದವರು ಇವರನ್ನು ಕಂಡದ್ದೇ ಸಿಗರೇಟು ಬಚ್ಚಿಟ್ಟು ಕೈ ಮುಗಿದರು.

2002ರಲ್ಲಿ ಯೋಗಶಾಲೆ ಗೋಕುಲಂಗೆ ಹೋಯಿತು. ದೊಡ್ಡ ಕಟ್ಟಡ, ದೊಡ್ಡ ಹಾಲು. ನಮ್ಮವರಲ್ಲಿ ಅನೇಕರಿಗೆ ಬೆಳಗಿನ ಗಲಾಟೆ ತಪ್ಪಿತೆಂದು ನೆಮ್ಮದಿ, ಎಳನೀರಿನವನಿಗೆ ನಷ್ಟ, ಮಾಮನಿಗೆ ವಿಧುರಯೋಗ. ಗೋಕುಲಂನಲ್ಲಿ ಕೆಫೆಗಳು ಎದ್ದವು, ಮನೆ ಬಾಡಿಗೆ ಏರಿತು, ಬಾಡಿಗೆ ಸ್ಕೂಟರಿನಲ್ಲಿ ಬಿಳಿಯರು ತರಕಾರಿಗೆ ಓಡಾಡತೊಡಗಿದರು. ಹೊರಗು ಎಂಬುದು ಸಿಟಿ ಬಸ್ಸಿನಲ್ಲಿ ಹೋಗಬಹುದಾದಷ್ಟು ಹತ್ತಿರವೇ ಇದೆಯಲ್ಲ ಎಂದು ಮಾಮ ವಾರಕ್ಕೊಮ್ಮೆ ಹೋಗಿ ಕೂರುವುದನ್ನು ಅಭ್ಯಾಸ ಮಾಡಿಕೊಂಡರು. ಒಮ್ಮೆ ನನ್ನನ್ನೂ ಕರೆದೊಯ್ದರು. ಮಾಮ ಚಡ್ಡಿ, ಡಿಲನ್ ಬನಿಯನ್ನಿನಲ್ಲಿದ್ದರು. ಎದುರಿನ ಮೇಜಿನಲ್ಲಿದ್ದ ಬಿಳಿಯ ಯುವಕ ಪಂಚೆ, ವಿಭೂತಿ, ರುದ್ರಾಕ್ಷಿಯಲ್ಲಿದ್ದ. ಬೆಣ್ಣೆಹಣ್ಣು ಸವರಿದ ಬ್ರೆಡ್ಡು ತಿನ್ನುತ್ತಾ ಮಾಮ ಝಾಪಾನ ಬಗ್ಗೆ ಮಾತು ತೆಗೆದರು. ಆತನಿಗೆ ಝಾಪಾ ಗೊತ್ತಿಲ್ಲ. ಲಕ್ಷ್ಮೀಪುರಂನವರು, ಹಳೇ ಶಾಲೆಯನ್ನು ಎಪ್ಪತ್ತರ ದಶಕದಲ್ಲೇ ಕಂಡವರು ಎಂದು ತಿಳಿದದ್ದೇ ತಡ, ಸುತ್ತಲಿನ ನಾಲ್ಕೂ ಮೇಜುಗಳು ನಮ್ಮ ಮೇಜಿಗೆ ಬಂದು ಕೂಡಿಕೊಂಡವು. ಒಬ್ಬಾಕೆ ಸಂಧ್ಯಾವಂದನೆ ಹೇಗೆ ಮಾಡುತ್ತೀರಿ ಎಂದು ಕೇಳಿದಳು. ನಾನು ಅದನ್ನೆಲ್ಲ ಬಿಟ್ಟು ಎಷ್ಟೋ ಕಾಲವಾಯಿತು ಎಂದರು ಮಾಮ. ಎಂಥ ವಿನಯ ಎಂದು ಆಕೆ ಪಕ್ಕದವಳಿಗೆ ಪಿಸುಗುಟ್ಟಿದಳು. ಹೊರಡುವಾಗ ಒಬ್ಬ ಕಾಲಿಗೆ ನಮಸ್ಕಾರ ಮಾಡಿದ. ಬಸ್ಸಿನಲ್ಲಿ ಮಾಮ ಮಾತಾಡಲಿಲ್ಲ. ಕಾಫಿ ದುಬಾರಿಯಾಯಿತೆಂದು ನಾನು ತಿಳಿದೆ.

ಇಲ್ಲಿ ಒಂದು ಮಾತು, ನಗುವಿನ ನಡುವೆ ಹೇಳಿಬಿಡುತ್ತೇನೆ. 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ, ಆಗ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ರಾಜ್ಯವೇ ಹೊತ್ತಿಕೊಂಡಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಮಂತ್ರಿಗಳ ಕುರ್ಚಿ ಹೋಯಿತು. ಶತಮಾನಗಳಿಂದ ಊರಿನ ಹೊರಗೇ ಇಟ್ಟಿದ್ದವರು ಮೊದಲ ಬಾರಿಗೆ ಒಟ್ಟಾಗಿ ಗಟ್ಟಿಯಾಗಿ ಮಾತಾಡಿದ ದಿನಗಳು ಅವು. ಆ ದಿನಗಳ ಬಗ್ಗೆ ಮಾಮನನ್ನು ಕೇಳಿದರೆ ಅವರಿಗೆ ನೆನಪಿರುವುದು ಒಂದೇ: ಗಲಾಟೆಯಲ್ಲಿ ಅಂಗಡಿಗಳು ಬಾಗಿಲು ಹಾಕಿದ್ದರಿಂದ ಗ್ರಾಮಫೋನಿನ ಸೂಜಿ ಸಿಗಲಿಲ್ಲ. ಬೇರೆಯವರನ್ನು ಹೊರಗೆ ಹಾಕಲು ಊರಿಗೆ ಎಷ್ಟು ಚೆನ್ನಾಗಿ ಬರುತ್ತಿತ್ತು ಎಂಬುದು ಮಾಮನ ಗಮನಕ್ಕೇ ಬರಲಿಲ್ಲ. ಅದು ಇವರೊಬ್ಬರನ್ನು ಹಾಕಲು ಮಾತ್ರ ಒಲ್ಲೆ ಎಂದಿತು.

ಅವರಿಗೆ ಅದನ್ನು ಹೇಳಿದ್ದು ಪೌರಕಾರ್ಮಿಕ ಹೆಂಗಸು. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ಮೈಸೂರು ದೇಶಕ್ಕೇ ಮೊದಲು ಬಂದಾಗ ಮಾಮನಿಗೆ ಸಂಭ್ರಮವಾಯಿತು, ಆ ಸಂಭ್ರಮಕ್ಕೆ ನಾಚಿಕೆಯೂ ಆಯಿತು. ಬೆಳಗ್ಗೆ ಸೀಟಿ ಊದುತ್ತಾ ಗಾಡಿ ತಳ್ಳಿಕೊಂಡು ಬಂದಾಕೆಗೆ ಗೇಟಿನ ಒಳಗಿನಿಂದ, 'ನೋಡಮ್ಮ, ನೀನೂ ನಾನೂ ಒಂದೇ. ಈ ಸಮಾಜದ ಹೊರಗಿರೋರು' ಎಂದರು. ಆಕೆ ಒಂದು ಗಳಿಗೆ ಮಾಮನನ್ನು, ಗೇಟನ್ನು, ಹಿಂದಿನ ಮನೆಯನ್ನು, ಮಹಡಿಯನ್ನು ನೋಡಿ, 'ನೀವು ಒಳಗೇ ಇದೀರಲ್ಲ ಸಾಮಿ' ಎಂದಳು. ಆಮೇಲೆ, 'ಹಸಿ ಕಸದೊಳಗೆ ಪ್ಲಾಸ್ಟಿಕ್ ಹಾಕಿದೀರ, ಬ್ಯಾರೆ ಮಾಡಿ ಕೊಡಿ' ಎಂದಳು. ಮಾಮ ಬೇರೆ ಮಾಡಿ ಕೊಟ್ಟರು. ಅಂದಿನಿಂದ ಕಸದ ವಿಷಯದಲ್ಲಿ ಬೀದಿಗೇ ಕಟ್ಟುನಿಟ್ಟಿನ ಮನುಷ್ಯ ಅವರೇ.

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಬೀದಿಯ ನಿವಾಸಿಗಳ ಸಂಘ ನಾಲ್ಕು ಜನ ಹಿರಿಯರಿಗೆ ಸನ್ಮಾನ ಮಾಡುವುದೆಂದು ತೀರ್ಮಾನಿಸಿತು. ಒಬ್ಬರು ನಿವೃತ್ತ ಇಂಜಿನಿಯರು, ಒಬ್ಬರು ಗಮಕಿ, ಒಬ್ಬರು ಮಂಡಿಚಿಪ್ಪಿನ ಡಾಕ್ಟರು, ನಾಲ್ಕನೆಯವರು ಮಾಮ. ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರಿನ ಕೆಳಗೆ 'ನಮ್ಮ ಬಡಾವಣೆಯ ಹೆಮ್ಮೆಯ ಹಿಪ್ಪಿ' ಎಂದು ಅಚ್ಚಾಗಿತ್ತು. ಮಾಮ ಉರಿದುಬಿದ್ದರು. ಐವತ್ತು ವರ್ಷದ ಹೋರಾಟಕ್ಕೆ ಶಾಲು ಹೊದಿಸಿ ಕೊಲ್ಲುತ್ತಿದ್ದೀರಿ, ಬರುವುದಿಲ್ಲ ಎಂದರು. 'ಬರದಿದ್ರೆ ಹೇಗೆ, ಎಂಟೂವರೆಗೆ ತಿಂಡಿ ಇದೆ, ಇಡ್ಲಿ, ಕೇಸರಿಬಾತು' ಎಂದರು ಅಧ್ಯಕ್ಷರು. ಬರುವುದಿಲ್ಲವೆಂಬ ಪ್ರತಿಭಟನೆಯನ್ನು ವೇದಿಕೆಯ ಮೇಲಿಂದಲೇ ಹೇಳುವುದು ಹೆಚ್ಚು ಪರಿಣಾಮಕಾರಿ ಎಂದು ಮಾಮಿ ಸೂಚಿಸಿದರು. ಮಾಮ ಇಸ್ತ್ರಿ ಮಾಡಿದ ಡಿಲನ್ ಬನಿಯನ್ನಿನಲ್ಲಿ ಬಂದರು.

ನಾಡಗೀತೆ ಆಯಿತು. ಮೂರು ಜನಕ್ಕೂ ಶಾಲು, ಹಣ್ಣಿನ ಬುಟ್ಟಿ, ಜರಿಯ ಮೈಸೂರು ಪೇಟ. ಮಾಮನ ಸರದಿ ಬಂದಾಗ ಎದ್ದು ನಿಂತು, ಏನನ್ನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಶಾಲು ಬಿತ್ತು, ಹಾರ ಬಿತ್ತು, ಕೈಗೆ ಹಣ್ಣಿನ ಬುಟ್ಟಿ ಬಂತು. ಪೇಟ ತಲೆಗೆ ಬರುವ ಹೊತ್ತಿಗೆ ಕೈಯೆತ್ತಿ ತಡೆದು, ಬಹಳ ಗಂಭೀರವಾಗಿ, 'ನೇರ ಬೇಡ. ಸ್ವಲ್ಪ ಓರೆ ಇಡಿ' ಎಂದರು.

ಅಧ್ಯಕ್ಷರು ಓರೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, 'ಇದೇ ಇನ್ನೂ ಲಕ್ಷಣವಾಗಿದೆ ಕಣ್ರೀ!' ಎಂದರು. ಸಭೆ ಚಪ್ಪಾಳೆ ತಟ್ಟಿತು. ಫೋಟೋದವನು ನಾಲ್ವರನ್ನೂ ಸಾಲಾಗಿ ನಿಲ್ಲಿಸಿದ. ಇಂಜಿನಿಯರು ಒಮ್ಮೆ ಮಾಮನ ಕಡೆ ನೋಡಿ ತಮ್ಮ ಪೇಟವನ್ನು ಎಡಕ್ಕೆ ವಾಲಿಸಿಕೊಂಡರು. ಗಮಕಿಗಳೂ ವಾಲಿಸಿಕೊಂಡರು, ಡಾಕ್ಟರೂ. ಫೋಟೋದವನು ರೆಡಿ ಎನ್ನುವಷ್ಟರಲ್ಲಿ ಮಾಮ ಪಕ್ಕಕ್ಕೆ ತಿರುಗಿ ಮೂವರನ್ನೂ ನೋಡಿದರು, ಹಣ್ಣಿನ ಬುಟ್ಟಿಯನ್ನು ಮಾಮಿಯ ಕೈಗೆ ಕೊಟ್ಟು, ಎರಡೂ ಕೈಯಿಂದ ತಮ್ಮ ಪೇಟವನ್ನು ನೇರ ಮಾಡಿಕೊಂಡರು.